ಬೂಟು ಸಣ್ಣದಲ್ಲ ಸ್ವಾಮಿ, ಕಾಲೇ ಸಣ್ಣದು!

ಮಂಡಿಪೇಟೆಯ ಹಿಂದಿನ ಓಣಿಯೊಂದರಲ್ಲಿ ಮಿಕ್ಸಿ, ಗ್ರೈಂಡರ್, ಫ್ಯಾನ್ ರಿಪೇರಿ ಅಂಗಡಿ ಇದೆ. ಹೆಸರು ಬರೆಯೋದಿಲ್ಲ. ಬರೆದರೂ ಉಪಯೋಗವಿಲ್ಲ, ಬೋರ್ಡಿನ ಅಕ್ಷರ ಮಳೆಗೆ ತೊಳೆದುಹೋಗಿ ಎಷ್ಟೋ ವರ್ಷವಾಯಿತು. ನಮ್ಮ ಮನೆಯ ಮಿಕ್ಸಿ ಹಬ್ಬದ ಹಿಂದಿನ ದಿನ ಸರಿಯಾಗಿ ಕಾಯಿ ರುಬ್ಬುವಾಗಲೇ ಹೊಗೆ ಬಿಟ್ಟು ನಿಂತಿತು. ಮಿಕ್ಸಿಗಳಿಗೆ ಪಂಚಾಂಗ ಗೊತ್ತಿರುತ್ತೆ ಅಂತ ನನಗೆ ಅನುಮಾನ. ಚೀಲಕ್ಕೆ ತುಂಬಿಕೊಂಡು ಹೋಗಿ ಕೊಟ್ಟೆ. 'ನಾಳೆ ಬನ್ನಿ' ಅಂದರು ಮಾಲೀಕರು. ನಾಳೆ ಹೋದೆ. 'ನಾಳೆ ಬನ್ನಿ' ಅಂದರು. ಮೂರನೇ ಸಲ ಹೋದಾಗ ಅವರು ಊಟಕ್ಕೆ ಹೋಗಿದ್ದರು. ಗಲ್ಲಾಪೆಟ್ಟಿಗೆ ಹಿಂದೆ ಹಳೇ ಸೀರೆಯ ಪರದೆ. ಪರದೆಯ ಆಚೆಯಿಂದ ಸೀಸ ಕಾಯಿಸಿದ ವಾಸನೆ. ಎತ್ತಿ ನೋಡಿದೆ.

ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿಯೊಬ್ಬಳು ಸ್ಟೂಲಿನ ಮೇಲೆ ಕೂತು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. 'ರಿಪೇರಿ ಮಾಡೋರು ಎಲ್ಲಮ್ಮಾ?' ಅಂತ ಕೇಳಿದೆ. ಅವಳು ತಲೆ ಎತ್ತಿ ನನ್ನನ್ನೂ, ತನ್ನ ಕೈಲಿದ್ದ ತಂತಿಯನ್ನೂ ಒಂದು ಸಲ ನೋಡಿದಳು. ಉತ್ತರ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ ಬಿಡಿ.

ಮಾತು ಬದಲಾಯಿಸೋಣ ಅಂತ ಅವಳ ಪಕ್ಕದಲ್ಲಿದ್ದ ದಪ್ಪ ಪುಸ್ತಕ ಎತ್ತಿಕೊಂಡೆ. ಇಂಗ್ಲಿಷ್ ಪುಸ್ತಕ. ಮುಖಪುಟದಲ್ಲಿ ಕೆಂಪು ಹೈಹೀಲ್ಡ್ ಬೂಟು ಹಾಕಿದ ಹೆಣ್ಣುಮಗಳ ಕಾಲು. ಚರ್ಮದ ಒಳಗೆ, ಎಲುಬು ಇರಬೇಕಾದ ಕಡೆ, ಎಕ್ಸ್‌ರೇ ತೆಗೆದ ಹಾಗೆ ಲೋಹದ ಕಂಬಿಗಳು.

'ಡಾಕ್ಟರ್ ಓದೋ ಪುಸ್ತಕಾನಾ?'

'ಅಲ್ಲ ಸಾರ್. ಸಿಂಡರೆಲ್ಲಾ ಕಥೆ.'

'ಅದು ಚಿಕ್ಕ ಮಕ್ಕಳ ಕಥೆ ಅಲ್ವಾ?'

'ಇವಳು ಮೆಕ್ಯಾನಿಕ್ಕು ಸಾರ್. ಪೇಟೆಯಾಗೆ ಅಂಗಡಿ ಇಟ್ಕಂಡವಳು. ಕಾಲೂ ನಂದರಂಗೇ' ಅಂತ ಹೇಳಿ ಚೂಡಿದಾರದ ತುದಿಯನ್ನು ನಾಲ್ಕು ಬೆರಳಷ್ಟು ಎತ್ತಿದಳು. ಬಲಗಾಲು ಮೊಣಕಾಲಿನ ಕೆಳಗೆ ಕೃತಕ. ಒಂಬತ್ತನೇ ವಯಸ್ಸಿನಲ್ಲಿ ಲಾರಿ ಹರಿದದ್ದಂತೆ.

ಪುಸ್ತಕ ಫುಟ್‌ಪಾತಿನಲ್ಲಿ ಅರವತ್ತು ರೂಪಾಯಿಗೆ ಕೊಂಡಿದ್ದಳು. 'ತಗಂಡು ಹೋಗಿ ಓದ್ರಿ ಸಾರ್, ಆದ್ರೆ ವಾಪಸ್ ಕೊಡಬೇಕು' ಅಂದಳು. ಮಿಕ್ಸಿ ಕೇಳಲು ಹೋದವನು ಸಿಂಡರೆಲ್ಲಾ ಹಿಡಿದುಕೊಂಡು ಬಂದೆ.

ನಾನು ಪಿ.ಯು.ಸಿ.ಯನ್ನು ಅರ್ಧಕ್ಕೆ ಬಿಟ್ಟವನು. ಇಂಗ್ಲಿಷಿಗೂ ನನಗೂ ಮಾತುಕತೆ ಅಷ್ಟಕ್ಕಷ್ಟೆ. ಆದರೂ ಹರಿಹರದ ಬಸ್ಸಿನಲ್ಲಿ ದಿನಾ ಹೋಗಿ ಬರುವವನಿಗೆ ಮುಕ್ಕಾಲು ಗಂಟೆ ಸಿಕ್ಕೇ ಸಿಗುತ್ತೆ. ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ನಾನೂರು ಪುಟದ ಹತ್ತಿರ ಹತ್ತಿರ ಇರುವ ಆ ಪುಸ್ತಕವನ್ನು ಮೂರು ವಾರದಲ್ಲಿ ಮುಗಿಸಿದೆ. ಕಂಡಕ್ಟರು ಎರಡು ಸಲ, 'ಏನ್ಸಾರ್, ಪರೀಕ್ಷೆ ಕಟ್ಟಿದ್ದೀರಾ?' ಅಂತ ಕೇಳಿದರು.

ಪುಸ್ತಕದ ಹೆಸರು 'ಸಿಂಡರ್'. ಬರೆದಾಕೆ ಮರಿಸ್ಸಾ ಮೆಯರ್. ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನವಳು, 1984ರಲ್ಲಿ ಹುಟ್ಟಿದವಳು. ಹುಡುಗಿಯಾಗಿದ್ದಾಗ 'ಸೇಲರ್ ಮೂನ್' ಅನ್ನುವ ಜಪಾನಿ ಕಾರ್ಟೂನಿನ ಹುಚ್ಚು ಹಿಡಿಸಿಕೊಂಡು, ಅದರ ಪಾತ್ರಗಳನ್ನೇ ಇಟ್ಟುಕೊಂಡು ತನ್ನದೇ ಕಥೆ ಬರೆದು ಕೈ ಪಳಗಿಸಿಕೊಂಡಳಂತೆ. ಅಮೆರಿಕದಲ್ಲಿ ಪ್ರತಿ ನವೆಂಬರಿನಲ್ಲಿ ಒಂದು ಪಂದ್ಯ ನಡೆಯುತ್ತಿತ್ತು: ಒಂದೇ ತಿಂಗಳಲ್ಲಿ ಐವತ್ತು ಸಾವಿರ ಪದದ ಕಾದಂಬರಿ ಬರೆಯಬೇಕು. 2008ರ ನವೆಂಬರಿನಲ್ಲಿ ಈಕೆ ಕೂತವಳು ಒಂದಲ್ಲ, ಮೂರು ಕಾದಂಬರಿಗಳ ಕರಡು ಬರೆದು ಎದ್ದಳು. ಅದರಲ್ಲಿ ಮೊದಲನೆಯದನ್ನು ತಿದ್ದಿ ತೀಡಿ, 2012ರ ಜನವರಿಯಲ್ಲಿ ಅಚ್ಚು ಹಾಕಿಸಿದಳು. ಆಗ ಅವಳಿಗೆ ಇಪ್ಪತ್ತೇಳು.

ಕಥೆ ನಡೆಯೋದು ಮುಂದೆಂದೋ ಒಂದು ಕಾಲದಲ್ಲಿ. ನಾಲ್ಕನೇ ಮಹಾಯುದ್ಧ ಮುಗಿದು ನೂರು ವರ್ಷದ ಮೇಲಾಗಿದೆ. ಊರು 'ನ್ಯೂ ಬೀಜಿಂಗ್'. ಚಕ್ರವರ್ತಿ ಇದ್ದಾನೆ, ಅವನಿಗೊಬ್ಬ ಮಗ ಕಾಯ್. ಹಾರುವ ಗಾಡಿಗಳಿವೆ, ಮನೆಗೆಲಸಕ್ಕೆ ಯಂತ್ರದ ಆಳುಗಳಿವೆ. ಇಷ್ಟೆಲ್ಲ ಇದ್ದರೂ ಸಂತೆ ಮಾತ್ರ ನಮ್ಮ ಸಂತೆಯಂಥದ್ದೇ. ಗಿಜಿಗಿಜಿ ಜನ, ಬಿಸಿ ಬ್ರೆಡ್ಡಿನ ವಾಸನೆ, ಚೌಕಾಸಿ. ಆ ಸಂತೆಯ ಒಂದು ಮಳಿಗೆಯಲ್ಲಿ ಹದಿನಾರರ ಸಿಂಡರ್ ಕೂತಿದ್ದಾಳೆ. ಊರಿಗೇ ಒಳ್ಳೆಯ ಮೆಕ್ಯಾನಿಕ್ ಅಂತ ಹೆಸರು. ಅವಳ ಒಂದು ಕೈ, ಒಂದು ಕಾಲು ಲೋಹದ್ದು. ತಲೆಯೊಳಗೂ ತಂತಿ. ಮುಂದೊಂದು ಕಡೆ ಡಾಕ್ಟರು ಯಂತ್ರಕ್ಕೆ ಹಚ್ಚಿ ಲೆಕ್ಕ ತೆಗೆಯುತ್ತಾನೆ: ಶೇಕಡಾ 36.28ರಷ್ಟು ಇವಳು ಮನುಷ್ಯಳಲ್ಲ! ನಮ್ಮ ಮಂಡಿಯಲ್ಲಿ ಭತ್ತದ ತೇವಾಂಶ ಅಳೆದು ಚೀಟಿ ಬರೆದ ಹಾಗೆ. ಇಂಥವರನ್ನು ಸೈಬೋರ್ಗ್ ಅಂತಾರೆ. ಅರ್ಧ ಮನುಷ್ಯ, ಅರ್ಧ ಯಂತ್ರ ಅಂತಿಟ್ಟುಕೊಳ್ಳಿ.

ಪುಸ್ತಕ ತೆರೆದ ಕೂಡಲೇ ಏನು ಮಾಡ್ತಿದ್ದಾಳೆ ಗೊತ್ತೇ? ಸ್ಕ್ರೂಡ್ರೈವರ್ ಹಿಡಿದು ತನ್ನ ಪಾದವನ್ನೇ ಬಿಚ್ಚುತ್ತಿದ್ದಾಳೆ. ಹನ್ನೊಂದರಲ್ಲಿ ಹಾಕಿಸಿದ ಪಾದ. ಈಗ ಹದಿನಾರು. ಹುಡುಗಿ ಬೆಳೆದಳು, ಕಬ್ಬಿಣ ಬೆಳೆಯಲಿಲ್ಲ. ನಾಲ್ಕು ವರ್ಷದಿಂದ ಕುಂಟಿಕೊಂಡೇ ಓಡಾಡಿದ್ದಾಳೆ. ಯಾಕೆ ಬದಲಾಯಿಸಲಿಲ್ಲ? ದುಡಿದ ದುಡ್ಡೆಲ್ಲ ಮಲತಾಯಿಯ ಕೈಗೆ ಹೋಗುತ್ತೆ. ಅಲ್ಲಿನ ಕಾನೂನಿನ ಪ್ರಕಾರ ಸೈಬೋರ್ಗ್ ಅಂದರೆ ಸಾಕಿದವರ ಸ್ವತ್ತು. ಮನೆಯಲ್ಲಿರುವ ಯಂತ್ರದ ಆಳು ಹೇಗೋ ಇವಳೂ ಹಾಗೆ. ಇವಳ ಸಂಪಾದನೆಯೂ ಅವರದೇ.

ಹಳೇ ಕಥೆ ನಿಮಗೆ ಗೊತ್ತಲ್ಲ. ಬೂದಿಯಲ್ಲಿ ಮಲಗುವ ತಬ್ಬಲಿ, ಮಲತಾಯಿ, ಇಬ್ಬರು ಮಲ ಅಕ್ಕಂದಿರು. ದೇವತೆ ಬಂದು ಕುಂಬಳಕಾಯನ್ನು ಸಾರೋಟು ಮಾಡ್ತಾಳೆ. ಹುಡುಗಿ ಅರಮನೆಯಲ್ಲಿ ಕುಣೀತಾಳೆ, ಹನ್ನೆರಡು ಗಂಟೆಗೆ ಓಡ್ತಾಳೆ, ಗಾಜಿನ ಬೂಟು ಮೆಟ್ಟಿಲ ಮೇಲೆ ಉಳಿಯುತ್ತೆ, ರಾಜಕುಮಾರ ಊರಲ್ಲೆಲ್ಲ ಅದನ್ನು ಹಿಡಿದು ಅಲೀತಾನೆ. ಗಾಜಿನ ಬೂಟು, ಕುಂಬಳಕಾಯಿ ಎರಡೂ 1697ರಲ್ಲಿ ಫ್ರಾನ್ಸಿನ ಶಾರ್ಲ್ ಪೆರೋ ಬರೆದ ಪುಸ್ತಕದಲ್ಲಿ ಬಂದದ್ದು. ಅದಕ್ಕೂ ಮೊದಲು, 1634ರ ಹೊತ್ತಿಗೆ, ಇಟಲಿಯ ಬಸೀಲೆ ಒಂದು ಬರೆದಿದ್ದ. ಜರ್ಮನಿಯ ಗ್ರಿಮ್ ಸೋದರರು 1812ರಲ್ಲಿ ಅಚ್ಚು ಹಾಕಿದ್ದರಲ್ಲಿ ಬೂಟು ಬಂಗಾರದ್ದು. ಅವರದು ಸ್ವಲ್ಪ ಹೊಟ್ಟೆ ತೊಳೆಸುವ ಕಥೆ. ಬೂಟು ಹಿಡಿಸಲಿಲ್ಲ ಅಂತ ಒಬ್ಬಳು ಹೆಬ್ಬೆರಳನ್ನೇ ಕತ್ತರಿಸಿಕೊಳ್ತಾಳೆ, ಇನ್ನೊಬ್ಬಳು ಹಿಮ್ಮಡಿ ಕೆತ್ತಿಸಿಕೊಳ್ತಾಳೆ. ಕತ್ತರಿಸಿಕೋ ಅಂತ ಕೈಗೆ ಚಾಕು ಕೊಡೋದು ಬೇರೆ ಯಾರೂ ಅಲ್ಲ, ಹೆತ್ತ ತಾಯಿ!

ಇವೆಲ್ಲಕ್ಕಿಂತ ಹಳೆಯದು ಚೀನಾದ್ದು. ಒಂಬತ್ತನೇ ಶತಮಾನದಲ್ಲಿ ದ್ವಾನ್ ಚೆಂಗ್‌ಶಿ ಅನ್ನುವವನು ಬರೆದಿಟ್ಟಿದ್ದಾನೆ. ಅಲ್ಲಿ ಹುಡುಗಿಯ ಹೆಸರು ಯೆ ಶಿಯೆನ್. ಅವಳು ಸಾಕಿದ ಮೀನನ್ನು ಮಲತಾಯಿ ಕೊಂದು ತಿಂದುಬಿಡ್ತಾಳೆ. ಮೀನಿನ ಮೂಳೆ ಬಚ್ಚಿಟ್ಟುಕೊಂಡು ಬೇಡಿದರೆ ಬೇಡಿದ್ದು ಸಿಗುತ್ತೆ. ಜಾತ್ರೆಯಿಂದ ಓಡಿ ಬರುವಾಗ ಬಂಗಾರದ ಚಪ್ಪಲಿ ಕಳೆಯುತ್ತೆ, ಅದು ರಾಜನ ಕೈ ಸೇರುತ್ತೆ. ಮೆಯರ್ ತನ್ನ ಹುಡುಗಿಯನ್ನು ಅಮೆರಿಕದಲ್ಲಿ ಇಡದೆ ಬೀಜಿಂಗಿನಲ್ಲಿ ಇಟ್ಟದ್ದಕ್ಕೆ ಅರ್ಥವಿದೆ. ತವರಿಗೆ ಕರಕೊಂಡು ಹೋದ ಹಾಗಾಯ್ತು.

ಚೀನಾ ದೂರವಾಯಿತು ಅನ್ನುವವರಿಗೆ ಹತ್ತಿರದ್ದೂ ಇದೆ. ನಮ್ಮ ಕನ್ನಡದ್ದೇ.

ಎ.ಕೆ. ರಾಮಾನುಜನ್ ಹೆಸರು ಕೇಳಿರ್ತೀರಿ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಮೇಷ್ಟರಾಗಿದ್ದು, ಆಮೇಲೆ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದವರು. ಊರೂರಿನ ಮುದುಕಿಯರು ಹೇಳುವ ಕಥೆಗಳನ್ನು ಕೂಡಿಹಾಕಿದ ಪುಣ್ಯಾತ್ಮ. 1982ರಲ್ಲಿ ಆಲನ್ ಡಂಡೆಸ್ ಎಂಬ ಅಮೆರಿಕದ ವಿದ್ವಾಂಸ ಸಿಂಡರೆಲ್ಲಾ ಕಥೆಗಳ ಬಗ್ಗೆ ಒಂದು ಪುಸ್ತಕ ಮಾಡಿದಾಗ, ಅದಕ್ಕೆ ರಾಮಾನುಜನ್ ಕೊಟ್ಟದ್ದು 'ಹಂಚಿ'ಯ ಕಥೆ.

ಹಂಚಿಗೆ ಬಂಗಾರದ ಕೂದಲು. ದೊಡ್ಡವಳಾದ ಮೇಲೆ ಒಂದು ದಿನ ಆ ಕೂದಲು ನೋಡಿ ಒಡಹುಟ್ಟಿದವನ ಕಣ್ಣೇ ಕೆಟ್ಟಿತು. ತಾಯಿ ಹೌಹಾರಿ, ಅವನನ್ನು ಸಾಮಾನು ತರಲು ಊರಾಚೆ ಅಟ್ಟಿ, ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿಸಿ ಹಾಕಿ, ಎಲ್ಲಾದರೂ ಹೋಗಿ ಬದುಕಿಕೋ ಅಂತ ಕಳಿಸಿದಳು. ಹಂಚಿನಂಥ ಮುಖ, ಅದಕ್ಕೇ ಹೆಸರು ಹಂಚಿ. ಸಾಹುಕಾರನ ಮನೆಯಲ್ಲಿ ಅಡಿಗೆ ಕೆಲಸಕ್ಕೆ ನಿಂತಳು. ಅವಳ ಕೈಯಡಿಗೆ ಎಲ್ಲರಿಗೂ ಬೇಕು, ಮುಖ ಯಾರಿಗೂ ಬೇಡ. ಒಂದು ದಿನ ಮನೆಯವರೆಲ್ಲ ತೋಟದ ಊಟಕ್ಕೆ ಹೋದಾಗ ಮುಖವಾಡ ತೆಗೆದಿಟ್ಟು ತಲೆಗೆ ಎರೆದುಕೊಂಡಳು. ಸಾಹುಕಾರನ ಕಿರಿ ಮಗ ಆಗಲೇ ಮನೆಗೆ ಬರಬೇಕೇ? ನೋಡಿದ. ಮದುವೆಯಾದರೆ ಇವಳನ್ನೇ ಅಂತ ಹಟ ಹಿಡಿದ. ಮನೆಯವರು ಈ ಮಣ್ಣುಮುಖದವಳನ್ನೇ ಅಂತ ಬಾಯಿಬಡಿದುಕೊಂಡರೆ, ಆ ಮಣ್ಣನ್ನು ತೆಗೆದು ಒಡೆದುಹಾಕಿದ. ಕಥೆ ಅಲ್ಲಿಗೇ ಮುಗಿಯೋದಿಲ್ಲ. ಮದುವೆಯ ಮೇಲೂ ಕಳ್ಳ ಗುರುವೊಬ್ಬ ಅವಳ ಬೆನ್ನು ಹತ್ತುತ್ತಾನೆ. ಅದನ್ನು ನಿಮ್ಮ ಮನೆಯ ಅಜ್ಜಿಯ ಬಾಯಿಂದಲೇ ಕೇಳಿ, ಅಜ್ಜಿ ಇನ್ನೂ ಇದ್ದರೆ.

ಗಮನಿಸಿ, ನಮ್ಮ ಹಂಚಿಗೆ ಬೂಟೇ ಇಲ್ಲ. ಚಪ್ಪಲಿ ಹೊಸ್ತಿಲ ಹೊರಗೆ ಬಿಡುವ ಜನ ನಾವು. ಆದರೆ ಒಂದು ಮಾತು ಎಲ್ಲ ಕಥೆಯಲ್ಲೂ ಒಂದೇ. ಮೇಲೆ ಬೂದಿ, ಮಣ್ಣು, ಹರಕು ಬಟ್ಟೆ. ಒಳಗೆ ಬಂಗಾರದ ಕೂದಲು, ಪುಟ್ಟ ಪಾದ, ಚಂದದ ಮುಖ. ಮುಚ್ಚಿದ್ದನ್ನು ತೆಗೆದರೆ ಚಿನ್ನ ಸಿಗುತ್ತೆ, ಸಿಕ್ಕ ಕೂಡಲೇ ಗಂಡೂ ಸಿಗುತ್ತಾನೆ. ನೂರಾರು ವರ್ಷದಿಂದ ಹೀಗೇ. 1893ರಲ್ಲಿ ಮರಿಯನ್ ಕಾಕ್ಸ್ ಎಂಬಾಕೆ ಇಂಗ್ಲೆಂಡಿನಲ್ಲಿ ಕೂತು ಈ ಬಗೆಯ 345 ಕಥೆಗಳನ್ನು ಪಟ್ಟಿ ಮಾಡಿದ್ದಳಂತೆ.

ಮೆಯರ್ ಮಾಡಿದ ಕಿತಾಪತಿ ಇಲ್ಲೇ ಇರೋದು. ಸಿಂಡರ್ ಕೈಗೆ ಸದಾ ಗವಸು, ಕಾಲಿಗೆ ಬೂಟು. ಒಳಗೆ ಮುಚ್ಚಿಟ್ಟಿರೋದು ಬಂಗಾರ ಅಲ್ಲ ಸ್ವಾಮಿ, ಕಬ್ಬಿಣ. ಅದು ಗೊತ್ತಾದರೆ ಗಿರಾಕಿ ಬರೋದಿಲ್ಲ. ಎದುರಿನ ಬ್ರೆಡ್ಡಿನ ಅಂಗಡಿಯ ಹೆಂಗಸಿಗೆ ಗೊತ್ತಿದೆ. ಅವಳು ತನ್ನ ಮಗ ಇವಳ ಮಳಿಗೆ ಹತ್ತಿರ ಸುಳಿದರೂ ಕೂಗಿ ಕರೆದುಬಿಡ್ತಾಳೆ. ಹುಡುಗ ಬೆರಗಾಗಿ ಬರ್ತಾನೆ, ತಾಯಿ ಕೈ ಹಿಡಿದು ಎಳೀತಾಳೆ. ಈ ಭಾಗ ಓದುವಾಗ ನಾನು ಪುಸ್ತಕ ಮುಚ್ಚಿ ಕಿಟಕಿಯ ಹೊರಗೆ ನೋಡಿದೆ. 'ರಿಪೇರಿ ಮಾಡೋರು ಎಲ್ಲಮ್ಮಾ' ಅಂತ ಕೇಳಿದ್ದು ನೆನಪಿಗೆ ಬಂತು.

ಅದೇ ಹೊತ್ತಿಗೆ ಸಂತೆಗೆ ಸಿಡಿಲು ಹೊಡೆಯುತ್ತೆ. ಆ ಬ್ರೆಡ್ಡಿನ ಹೆಂಗಸಿಗೇ ಕಾಯಿಲೆ. 'ಲೆಟುಮೋಸಿಸ್' ಅಂತ ಹೆಸರು, ನೀಲಿ ಜ್ವರ ಅಂತಾರೆ. ಮದ್ದಿಲ್ಲ. ಕೂಗು ಎದ್ದ ಎರಡೇ ನಿಮಿಷಕ್ಕೆ ಸಂತೆ ಖಾಲಿ. ಯಂತ್ರದ ಆಳುಗಳು ಬಂದು ಹೆಂಗಸನ್ನು ಎತ್ತಿಕೊಂಡು ಹೋಗ್ತವೆ, ಮಳಿಗೆಗೆ ಬೆಂಕಿ ಇಡ್ತವೆ. ಇದು 2012ರಲ್ಲಿ ಅಚ್ಚಾದ ಪುಸ್ತಕ ಅನ್ನೋದು ನೆನಪಿರಲಿ. 2020ರಲ್ಲಿ ನಮ್ಮ ಪೇಟೆಯ ಓಣಿಗಳಿಗೆ ಗಳ ಕಟ್ಟಿ ಸೀಲ್‌ಡೌನ್ ಮಾಡಿದಾಗ ಶಟರ್ ಎಳೆದು ಕೂತ ಯಾವ ಅಂಗಡಿಯವನಿಗೂ ಈ ಪುಟಗಳು ಕಟ್ಟುಕಥೆ ಅನ್ನಿಸೋದಿಲ್ಲ. ಪಕ್ಕದ ಅಂಗಡಿಯವನು ಕೆಮ್ಮಿದರೆ ನಾವು ಹೇಗೆ ನೋಡಿದೆವು ಅನ್ನೋದು ನಮಗೆ ಗೊತ್ತಿಲ್ಲವೇ?

ಮದ್ದು ಹುಡುಕಲು ಅರಮನೆಯವರು ಜನರ ಮೇಲೆ ಪ್ರಯೋಗ ಮಾಡಬೇಕು. ಯಾರ ಮೇಲೆ? ಸೈಬೋರ್ಗುಗಳ ಮೇಲೆ. ಚೀಟಿ ಎತ್ತುತ್ತಾರೆ, ಯಾರ ಹೆಸರು ಬಂತೋ ಅವರು ಹೋಗಬೇಕು. ಹೋದವರು ಬರೋದಿಲ್ಲ. ಅವರ ಮನೆಯವರಿಗೆ ದುಡ್ಡು ಸಿಗುತ್ತೆ. ಮಲತಾಯಿ ಆಡ್ರಿಗೆ ಇಬ್ಬರು ಸ್ವಂತ ಹೆಣ್ಣುಮಕ್ಕಳು, ಪರ್ಲ್ ಮತ್ತು ಪಿಯೊನಿ. ಪರ್ಲ್ ಕೊಂಕು ಮಾತಿನವಳು, ಕಿರಿಯಳು ಪಿಯೊನಿ ಮಾತ್ರ ಸಿಂಡರಿಗೆ ಜೀವ. ಆ ಪಿಯೊನಿಗೇ ಜ್ವರ ಬಂದಾಗ ಆಡ್ರಿ ಸಿಂಡರನ್ನು ಪ್ರಯೋಗಕ್ಕೆ ಬರೆಸಿಕೊಟ್ಟುಬಿಡ್ತಾಳೆ. ಅವಳ ಒಪ್ಪಿಗೆ ಕೇಳಬೇಕಿಲ್ಲ, ಸ್ವತ್ತಲ್ಲವೇ! ಸಿಟ್ಟು ಬರುತ್ತೆ. ಆದರೆ ಲೇಖಕಿ ಆಡ್ರಿಯನ್ನು ಬರೀ ರಾಕ್ಷಸಿ ಮಾಡಿಲ್ಲ. ಅವಳ ಗಂಡನೇ ಸಿಂಡರನ್ನು ಯುರೋಪಿನಿಂದ ಮನೆಗೆ ತಂದವನು. ತಂದ ಸ್ವಲ್ಪ ದಿನಕ್ಕೇ ಅದೇ ಜ್ವರದಲ್ಲಿ ಸತ್ತ. ಈಗ ಮಗಳೂ ಮಲಗಿದ್ದಾಳೆ. ದುಃಖ ಹೆಚ್ಚಾದವರು ಕೈಗೆ ಸಿಕ್ಕ ಬಡವರ ಮೇಲೆ ತೀರಿಸಿಕೊಳ್ಳೋದನ್ನು ನೋಡಬೇಕಾದರೆ ನ್ಯೂ ಬೀಜಿಂಗಿಗೆ ಹೋಗಬೇಕಾಗಿಲ್ಲ.

ನಗುವ ಜಾಗಗಳೂ ಇವೆ. ಸಿಂಡರಿನ ಕಣ್ಣಿನಲ್ಲಿ ಒಂದು ದೀಪ ಇದೆ, ಎದುರಿನವರು ಸುಳ್ಳು ಹೇಳಿದರೆ ಕಿತ್ತಳೆ ಬಣ್ಣಕ್ಕೆ ಉರಿಯುತ್ತೆ. ಅಂಥ ಕಣ್ಣು ಹಾಕಿಸಿಕೊಂಡವರು ಒಬ್ಬರೇ ಒಬ್ಬರು ನಮ್ಮ ಪೇಟೆಯಲ್ಲಿ ಬಟ್ಟೆ ಕೊಳ್ಳಲು ಬಂದರೆ ಏನಾದೀತು, ಯೋಚಿಸಿ. 'ಅಸಲಿಗೇ ಕೊಡ್ತಿದ್ದೀನಿ ಅಕ್ಕಾ' ಅಂದ ಕೂಡಲೇ ಕಿತ್ತಳೆ! ಇನ್ನು ಅವಳಿಗೆ ಕಣ್ಣೀರು ಬರೋದಿಲ್ಲ, ಕೆನ್ನೆ ಕೆಂಪಾಗೋದಿಲ್ಲ. ರಾಜಕುಮಾರ ತನ್ನ ಕೆಟ್ಟುಹೋದ ಯಂತ್ರದ ಆಳನ್ನು ಹೊತ್ತುಕೊಂಡು, ತಲೆಗೆ ಮುಸುಕು ಹಾಕಿಕೊಂಡು ಖುದ್ದು ಅವಳ ಮಳಿಗೆಗೆ ರಿಪೇರಿಗೆ ಬರುತ್ತಾನೆ. ಬಂದಾಗ ಇವಳ ಹಳೇ ಪಾದ ಕಳಚಿದೆ, ಹೊಸದು ಇನ್ನೂ ಬಂದಿಲ್ಲ! ಮೇಜಿನ ಹಿಂದೆ ಒಂಟಿ ಕಾಲಲ್ಲಿ ನಿಂತು ಯುವರಾಜನ ಹತ್ತಿರ ವ್ಯಾಪಾರ ಮಾಡ್ತಾಳೆ. ದೇವತೆಯ ಕುಂಬಳಕಾಯಿ ಸಾರೋಟೂ ಇದೆ. ಗುಜರಿಯಲ್ಲಿ ಸಿಕ್ಕ ಹಳೇ ಪೆಟ್ರೋಲ್ ಕಾರು, ಕೊಳೆತ ಕುಂಬಳಕಾಯಿ ಬಣ್ಣದ್ದು. ಅದನ್ನು ತಾನೇ ಬಿಚ್ಚಿ ಜೋಡಿಸಿ ಓಡುವ ಹಾಗೆ ಮಾಡ್ತಾಳೆ. ಮಂತ್ರದ ಕೋಲಿನ ಬದಲು ಸ್ಪ್ಯಾನರ್ರು.

ಚಂದ್ರನ ಮೇಲೂ ಒಂದು ರಾಜ್ಯ ಇದೆ. ಅಲ್ಲಿನ ರಾಣಿ ಲೆವಾನಾ. ಅಲ್ಲಿಯವರು ಎದುರಿಗಿದ್ದವರ ಕಣ್ಣಿಗೆ ಮಂಕುಬೂದಿ ಎರಚಬಲ್ಲರು. ರಾಣಿ ಅಪ್ಸರೆಯ ಹಾಗೆ ಕಾಣ್ತಾಳೆ, ಆದರೆ ಕನ್ನಡಿ ಕಂಡರೆ ಆಗೋದಿಲ್ಲ. ಕನ್ನಡಿಗೆ ಮಂಕು ಕವಿಸೋಕೆ ಆಗಲ್ಲವಲ್ಲ! ಕಾಯ್‌ನನ್ನು ಮದುವೆಯಾಗಿ ಭೂಮಿ ನುಂಗುವುದು ಅವಳ ಹಂಚಿಕೆ. ರಾಜಕಾರಣದ ಈ ಭಾಗ ಸ್ವಲ್ಪ ಉದ್ದವಾಯಿತು, ಎರಡು ಸಲ ನಿದ್ದೆ ಬಂತು, ಒಂದು ಸಲ ಸ್ಟಾಪೂ ತಪ್ಪಿತು.

ಇನ್ನು ಅರಮನೆಯ ಕುಣಿತ. ಅಷ್ಟರಲ್ಲಿ ಸಿಂಡರ್ ಹೇಗೋ ಸಂಪಾದಿಸಿದ್ದ ಹೊಸ, ಅಳತೆಯ ಪಾದವನ್ನು ಮಲತಾಯಿ ಕಿತ್ತುಕೊಂಡಿರುತ್ತಾಳೆ. ಅರಮನೆಯಲ್ಲಿ ಕುಣಿಯುವ ಆಸೆ ಇವಳಿಗೆ ಇಲ್ಲ. ಆದರೆ ರಾಣಿ ಕಾಯ್‌ನನ್ನು ಕೊಲ್ಲಿಸುತ್ತಾಳೆ ಅನ್ನೋ ಸುದ್ದಿ ಸಿಕ್ಕಿದೆ, ಹೋಗಿ ಹೇಳಬೇಕು. ಆ ಹಳೇ ಸಣ್ಣ ಪಾದವನ್ನೇ ಮತ್ತೆ ಸಿಕ್ಕಿಸಿಕೊಂಡು, ಪಿಯೊನಿಯ ಮುದುರಿದ ಗೌನು ತೊಟ್ಟು, ಮಸಿ ಮೆತ್ತಿದ ಗವಸು ಹಾಕಿಕೊಂಡು, ಮಳೆಯಲ್ಲಿ ಕುಂಬಳಕಾಯಿ ಕಾರು ಓಡಿಸಿಕೊಂಡು ಹೋಗ್ತಾಳೆ. ವಾಪಸ್ ಓಡುವಾಗ ಮೆಟ್ಟಿಲ ಮೇಲೆ ಬೀಳ್ತಾಳೆ. ಬಿದ್ದ ಮೇಲೆ ಮೆಟ್ಟಿಲ ಮೇಲೆ ಉಳಿಯುವುದು ಬೂಟಲ್ಲ. ಪಾದವೇ. ತಂತಿ ಕಿತ್ತುಕೊಂಡ ಲೋಹದ ಪಾದ. ಮೇಲೆ ನಿಂತ ರಾಜಕುಮಾರನ ಕಣ್ಣಿಗೆ ಎಲ್ಲ ಬೀಳುತ್ತೆ. ಅವನ ಮುಖ ಹೇಗಾಯಿತು ಅನ್ನೋದನ್ನು ನಾನು ಹೇಳೋದಿಲ್ಲ. ಓಡಿ ಬಂದು ಎತ್ತಿಕೊಂಡ ಅಂತ ಮಾತ್ರ ಎಣಿಸಬೇಡಿ. ಅವಳು ಅಲ್ಲಿಂದ ಹೋಗೋದು ಜೈಲಿಗೆ.

ಅಲ್ಲಿಗೆ ಮೊದಲ ಪುಸ್ತಕ ಮುಗಿಯಿತು. ಮುಂದೆ 2013ರಲ್ಲಿ ಕೆಂಪು ಟೋಪಿಯ ಹುಡುಗಿಯದು, 2014ರಲ್ಲಿ ಉದ್ದ ಕೂದಲಿನ ರಪುನ್ಜೆಲ್‌ಳದು, 2015ರಲ್ಲಿ ಹಿಮದ ಬಿಳುಪಿನವಳದು ಅಂತ ಇನ್ನೂ ಮೂರು ದಪ್ಪ ಪುಸ್ತಕ ಬಂದು ಕಥೆ ದಡ ಸೇರುತ್ತೆ. ನನಗೆ ಇನ್ನೊಂಬತ್ತು ವಾರದ ಬಸ್ ಪ್ರಯಾಣ ಬೇಕು.

ಪುಸ್ತಕ ವಾಪಸ್ ಕೊಡಲು ಹೋದಾಗ ನನ್ನ ತಕರಾರು ಹೇಳಿದೆ. ಕಡೆಗೆ ಸಿಂಡರ್ ಬೇರೆ ಯಾರೂ ಅಲ್ಲ, ಚಂದ್ರಲೋಕದ ಕಳೆದುಹೋದ ರಾಜಕುಮಾರಿ ಅಂತ ಗೊತ್ತಾಗುತ್ತೆ. ಇದನ್ನು ನಾನು ಅರ್ಧ ಪುಸ್ತಕ ಆಗುವ ಮುಂಚೆಯೇ ಊಹಿಸಿದ್ದೆ. ಅದು ಇರಲಿ. ಅಷ್ಟು ಚಂದದ ಮೆಕ್ಯಾನಿಕ್ ಹುಡುಗಿಯನ್ನು ಮಾಡಿ, ಕೊನೆಗೆ ರಾಜವಂಶದವಳು ಅಂತ ಸರ್ಟಿಫಿಕೇಟ್ ಯಾಕೆ ಬೇಕಿತ್ತು? ಬರೀ ಮೆಕ್ಯಾನಿಕ್ಕಾಗಿದ್ದರೆ ಮರ್ಯಾದೆ ಸಾಲ್ತಿರಲಿಲ್ಲವೇ?

ಹುಡುಗಿ ಸೋಲ್ಡರ್ ಕಡ್ಡಿ ಕೆಳಗಿಟ್ಟು ಯೋಚಿಸಿದಳು. 'ರಾಜಕುಮಾರಿ ಆದ್ರೂ ಕಾಲು ಅದೇ ಐತಲ್ಲ ಸಾರ್' ಅಂದಳು. 'ಬೇರೆ ಕಥೆಯಾಗಾದ್ರೆ ಮಂತ್ರ ಹಾಕಿ ಕಾಲು ಬರಿಸಿಬಿಡ್ತಿದ್ರು.'

ನನಗೆ ಇದು ಹೊಳೆದೇ ಇರಲಿಲ್ಲ.

ಅವಳ ಕಾಲಿನ ವಿಷಯ ಕೇಳಿದೆ. ಜೈಪುರ ಪಾದ. 1968ರಲ್ಲಿ ಜೈಪುರದಲ್ಲಿ ಡಾಕ್ಟರ್ ಪಿ.ಕೆ. ಸೇಠಿ ಮತ್ತು ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಸೇರಿ ಮಾಡಿದ್ದು. ರಬ್ಬರಿನದು, ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಗದ್ದೆಗೂ ಇಳಿಯಬಹುದು. ನರ್ತಕಿ ಸುಧಾ ಚಂದ್ರನ್ 1981ರ ಬಸ್ ಅಪಘಾತದಲ್ಲಿ ಕಾಲು ಕಳೆದುಕೊಂಡ ಮೇಲೆ ಮತ್ತೆ ಗೆಜ್ಜೆ ಕಟ್ಟಿದ್ದು ಇದನ್ನೇ ಹಾಕಿಕೊಂಡು. 1986ರ 'ನಾಚೆ ಮಯೂರಿ' ಸಿನಿಮಾ ನೋಡಿದವರಿಗೆ ನೆನಪಿರುತ್ತೆ. ಪಾದದಲ್ಲಿ ದೋಷವಿಲ್ಲ. ಆದರೆ ಮೇಲೆ, ಉಳಿದ ಕಾಲು ಕೂರುವ ಬಟ್ಟಲಿನಂಥ ಜಾಗ ಇದೆಯಲ್ಲ, ಅದು ಅಳತೆಗೆ ಸರಿಯಾಗಿರಬೇಕು. ಬೆಳೆಯುವ ಮಕ್ಕಳಿಗೆ ಅದು ಬೇಗ ಬಿಗಿಯಾಗುತ್ತೆ, ಮತ್ತೆ ಮತ್ತೆ ಹೊಸದು ಮಾಡಿಸಬೇಕು. ದೊಡ್ಡವರಲ್ಲೂ ಉಳಿದ ಕಾಲು ಕಾಲಕ್ರಮದಲ್ಲಿ ಸೊರಗುತ್ತೆ, ಆಗ ಸಡಿಲ.

ಇವಳದು ಹದಿನೇಳರಲ್ಲಿ ಹಾಕಿಸಿದ್ದು. ಸಿಂಡರಿಗೆ ಸಣ್ಣದಾದರೆ ಇವಳಿಗೆ ದೊಡ್ಡದು. ಮೂರು ಕಾಲುಚೀಲ ಒಂದರ ಮೇಲೊಂದು ಹಾಕಿಕೊಂಡು ಬಿಗಿ ಮಾಡಿಕೊಳ್ತಾಳೆ. ಸಂಜೆ ಹೊತ್ತಿಗೆ ಚರ್ಮ ಸುಲಿಯುತ್ತೆ. ಹೊಸದು ಉಚಿತವಾಗಿ ಕೊಡುವ ಶಿಬಿರ ಇದೆ, ಗೊತ್ತು. ಅಳತೆಗೆ ಒಂದು ದಿನ, ಹಾಕಿಸಿಕೊಂಡು ನಡೆದು ನೋಡಲು ಒಂದು ದಿನ. ಎರಡು ದಿನದ ಕೂಲಿ ಹೋಗುತ್ತೆ. ತಮ್ಮನ ಡಿಪ್ಲೊಮಾ ಫೀಸು ಕಟ್ಟಬೇಕು. 'ಮುಂದಿನ ಸಲ ನೋಡನ' ಅಂತ ಮೂರು ಶಿಬಿರ ಬಿಟ್ಟಿದ್ದಾಳೆ. ಅವಳ ಸಂಬಳ ಅವಳ ಕೈಗೆ ಬರೋದಿಲ್ಲ, ನೇರ ಅಪ್ಪನ ಕೈಗೆ. ಇದನ್ನು ಅವಳು ದೂರಿನ ಹಾಗೆ ಹೇಳಲಿಲ್ಲ. ಇವತ್ತು ಮಂಗಳವಾರ ಅಂತ ಹೇಳಿದ ಹಾಗೆ ಹೇಳಿದಳು.

ಅಷ್ಟರಲ್ಲಿ ಮಾಲೀಕರು ಬಂದರು. ಪರದೆ ಯಾಕ್ರೀ ಅಂತ ಕೇಳಿಯೇಬಿಟ್ಟೆ.

'ನಾನೇನು ಕೆಟ್ಟವನಲ್ರೀ' ಅಂದರು. 'ಕೆಲಸ ಕಲಿಸಿದ್ದೇ ನಾನು. ಆದ್ರೆ ಗಿರಾಕಿಗಳು ಹೆಂಗದಾರೆ ನೋಡ್ರಿ. ಹೆಣ್ಣುಡುಗಿ ಮಾಡಿದ್ದಾ ಅಂತಾರೆ, ಕುಂಟೋದು ನೋಡಿದ್ರೆ ಗ್ಯಾರಂಟಿ ಕೇಳ್ತಾರೆ. ಮಾಡಿದ್ದು ಅವಳೇ, ನಾ ಮಾಡ್ದೆ ಅಂತ ಹೇಳಿ ಕೊಡ್ತೀನಿ. ಒಂದು ಮಿಕ್ಸಿನೂ ವಾಪಸ್ ಬಂದಿಲ್ಲ.'

ಅವರ ಮಾತಿಗೆ ಎದುರು ಹೇಳಲು ನನಗೆ ಬಾಯಿರಲಿಲ್ಲ. ಮೊದಲ ದಿನ ನಾನು ಕೇಳಿದ್ದೂ ಅದನ್ನೇ ತಾನೇ. ಶಿಬಿರದ ವಿಷಯ ಮಾತ್ರ ಹೇಳಿದೆ. ಎರಡು ದಿನ ಅಂಗಡಿ ಕೆಲಸ ನಿಂತರೆ ಏನು ನಷ್ಟ ಅಂತ ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಆಮೇಲೆ ಹುಡುಗಿಯ ಕಡೆ ತಿರುಗಿ, 'ಮೂರು ಚೀಲ ಹಾಕ್ಕಂಡಿದೀಯಾ? ನಂಗೆ ಹೇಳ್ಲೇ ಇಲ್ಲಲ್ಲೇ' ಅಂದರು. ಅವಳು ತಂತಿ ಸುತ್ತುತ್ತಲೇ ಇದ್ದಳು. 'ಕೇಳಿದ್ರೆ ಹೇಳ್ತಿದ್ದೆ' ಅಂದಳು.

ಮುಂದಿನ ಶಿಬಿರಕ್ಕೆ ಕೂಲಿ ಕತ್ತರಿಸದೆ ಕಳಿಸ್ತೀನಿ ಅಂತ ಮಾಲೀಕರು ನನ್ನ ಎದುರು ಒಪ್ಪಿದ್ದಾರೆ. ನನ್ನ ಕಣ್ಣಲ್ಲಿ ಕಿತ್ತಳೆ ದೀಪ ಇಲ್ಲ. ಹೋಗಿ ವಿಚಾರಿಸ್ತೇನೆ.

ಅಂದಹಾಗೆ, ಪರದೆಯನ್ನು ಅರ್ಧಕ್ಕೆ ಸರಿಸಿ ಮೊಳೆಗೆ ಸಿಕ್ಕಿಸಿದ್ದಾರೆ. ಸೆಖೆಗೆ ಅಂತಾರೆ ಅವರು. ನಮ್ಮ ಮಿಕ್ಸಿ ಇನ್ನೂ ಅವಳ ಮೇಜಿನ ಮೇಲೇ ಇದೆ. ನಾನು ಎರಡನೇ ಪುಸ್ತಕ ಹುಡುಕಿಕೊಟ್ಟರೆ ಶನಿವಾರಕ್ಕೆ ಕೊಡ್ತೀನಿ ಅಂದಿದ್ದಾಳೆ. ಯಾರ ಹತ್ತಿರವಾದರೂ 'ಸ್ಕಾರ್ಲೆಟ್' ಇದ್ದರೆ ದಯಮಾಡಿ ನಮ್ಮ ಕಚೇರಿಗೆ ತಲುಪಿಸಿ. ಮನೆಯಲ್ಲಿ ಚಟ್ನಿಯಿಲ್ಲ.